ಎಲೆ ಸುತ್ತುವ ಪತಂಗ, ಹೆಸರು ಹುಡುಕುವ ಗೆಳೆಯರು

ನಮ್ಮ ಕಾವ್ಯಗಳಲ್ಲಿ ಪತಂಗಕ್ಕೆ ದೊರೆತಿರುವುದು ಒಂದೇ ಒಂದು ಪಾತ್ರ: ದೀಪಕ್ಕೆ ಬಿದ್ದು ಸಾಯುವುದು. ಮೋಹಾಂಧನಿಗೊಂದು ಉಪಮೆ ಬೇಕಾದಾಗಲೆಲ್ಲ ಕವಿಯು ಅದನ್ನು ಕರೆತಂದು, ಒಂದು ಸಾಲಿನಲ್ಲಿ ಸುಟ್ಟು, ಮುಂದಿನ ಸಾಲಿಗೆ ನಡೆದುಬಿಡುತ್ತಾನೆ. ಅದು ಯಾವ ಪತಂಗ, ಯಾವ ಗಿಡದ ಎಲೆಯನ್ನು ತಿಂದು ಬೆಳೆದದ್ದು, ಎಲ್ಲಿಂದ ಹಾರಿ ಬಂದದ್ದು ಎಂದು ಕೇಳಿದವರಿಲ್ಲ. ಕೇಳುವುದು ಕವಿಯ ಕೆಲಸವೂ ಅಲ್ಲವೆನ್ನಿ. ಆದರೆ ಇದನ್ನೇ ಕೇಳುತ್ತ ರಾತ್ರಿಗಳನ್ನು ಕಳೆಯುವ ಒಂದು ಜನವರ್ಗ ಲೋಕದಲ್ಲಿದೆ. ಅವರು ದೀಪವನ್ನು ಹಚ್ಚುತ್ತಾರೆ, ಅದರ ಹಿಂದೆ ಬಿಳಿಯ ಬಟ್ಟೆಯೊಂದನ್ನು ಇಳಿಬಿಡುತ್ತಾರೆ, ಬಂದ ಅತಿಥಿಯನ್ನು ಸುಡಗೊಡದೆ ಗಾಜಿನ ಕುಪ್ಪಿಯಲ್ಲಿ ಕೂರಿಸಿ ಅದರ ಹೆಸರೇನೆಂದು ವಿಚಾರಿಸುತ್ತಾರೆ. ಅತಿಥಿಯು ಹೇಳುವುದಿಲ್ಲ. ಆಗ ಗೆಳೆಯರನ್ನು ಕೇಳಬೇಕಾಗುತ್ತದೆ. ಈ ಲೇಖನವು ಅಂಥ ಒಂದು ವಿಚಾರಣೆಯ ಕತೆ; ಬೆರಳಿನ ಉಗುರಿನಷ್ಟು ಗಾತ್ರದ ಪತಂಗವೊಂದರ ಹೆಸರು ತಿಳಿದದ್ದರಿಂದ ಒಂದು ಸೀಮೆಯ ಜನಜೀವನವೇ ಕಲಕಿಹೋದ ಕತೆ.

ದೊಡ್ಡ ಪತಂಗಗಳ ಹೆಸರು ಹುಡುಕುವುದು ಅಷ್ಟು ಕಷ್ಟವಲ್ಲ. ಅಂಗೈಯನ್ನೂ ಮೀರಿ ರೆಕ್ಕೆ ಹರಡುವ ಅಟ್ಲಾಸ್ ಪತಂಗವು ಮಳೆಗಾಲದಲ್ಲಿ ಮಲೆನಾಡಿನ ಯಾವುದೋ ಮನೆಯ ಜಗುಲಿಗೆ ಬಂದರೆ ಮರುದಿನವೇ ಪತ್ರಿಕೆಯಲ್ಲಿ ಅದರ ಚಿತ್ರವು ಬರುತ್ತದೆ. ನೋಡಿದವರೆಲ್ಲ ಹೆಸರು ಹೇಳುತ್ತಾರೆ. ಕಷ್ಟವಿರುವುದು ಚಿಕ್ಕವುಗಳಲ್ಲಿ. ಅವುಗಳಲ್ಲಿಯೂ ಎಲೆಯನ್ನು ಸುರುಳಿ ಸುತ್ತುವ ಹುಳುಗಳಿಂದ ಹುಟ್ಟುವ ಟಾರ್ಟ್ರಿಸಿಡೇ ಎಂಬ ಕುಟುಂಬದವುಗಳಲ್ಲಿ. 'ಟಾರ್ಟ್ರಿಕ್ಸ್' ಎಂದರೆ ಲ್ಯಾಟಿನ್ ಭಾಷೆಯಲ್ಲಿ ತಿರುಚುವವಳು ಎಂದು ಅರ್ಥ. ಲೋಕದಲ್ಲಿ ಈವರೆಗೆ ಹೆಸರು ಪಡೆದಿರುವ ತಿರುಚುವವರು ಸುಮಾರು 11,000 ಜಾತಿ. ಬಹುಪಾಲಿನ ಬಣ್ಣ ಕಂದು. ಕುಳಿತಾಗ ರೆಕ್ಕೆಗಳನ್ನು ಮಾಡಿನಂತೆ ಮಡಚಿಕೊಂಡು, ಮೇಲಿನಿಂದ ನೋಡುವವರಿಗೆ ಪುಟ್ಟದೊಂದು ಗಂಟೆಯ ಆಕಾರದಲ್ಲಿ ಕಾಣಿಸುತ್ತವೆ; ಒಣಗಿದ ಎಲೆಯ ಚೂರೆಂದು ಕಣ್ಣು ಮುಂದಕ್ಕೆ ಸರಿಯುತ್ತದೆ. ಸರಿಯಲೆಂದೇ ಆ ವೇಷ.

ಈ ಹುಳು ಎಲೆಯನ್ನು ಸುತ್ತುವ ಬಗೆಯನ್ನು ನಿಂತು ನೋಡುವುದು ಸೊಗಸು. ಹುಳುವಿಗೆ ಎಲೆಯನ್ನು ಮಡಚುವಷ್ಟು ಬಲವಿಲ್ಲ. ಇರುವುದು ಬಾಯಿಯ ಬಳಿಯಿಂದ ಹೊರಡುವ ರೇಷ್ಮೆಯ ಎಳೆ ಮಾತ್ರ. ಎಲೆಯ ಒಂದು ಅಂಚಿನಲ್ಲಿ ಎಳೆಯನ್ನು ಅಂಟಿಸಿ, ತಲೆಯನ್ನು ಬೀಸಿ, ಇನ್ನೊಂದು ಕಡೆಗೆ ಅಂಟಿಸುತ್ತದೆ. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಎಳೆದು ಅಂಟಿಸಿದ ಎಳೆಯು ತುಸು ಕುಗ್ಗುತ್ತದೆ. ಒಂದು ಎಳೆಯ ಕುಗ್ಗುವಿಕೆ ಲೆಕ್ಕಕ್ಕೆ ಬಾರದು. ನೂರಾರು ಎಳೆಗಳು ಒಟ್ಟಾಗಿ ಕುಗ್ಗಿದಾಗ ಎಲೆಯ ಅಂಚು ಬಾಗಿ ಮೇಲೇಳುತ್ತದೆ. ಆಗ ಅಂತರ ಕಡಿಮೆಯಾಯಿತು. ಹೊಸ ಎಳೆಗಳು ಮತ್ತೂ ಗಿಡ್ಡ. ಎಲೆ ಮತ್ತೂ ಬಾಗುತ್ತದೆ. ಹೀಗೆ ಕಟ್ಟಿದ ಕೊಳವೆಯೇ ಅದರ ಮನೆ, ಅಡಿಗೆಮನೆ, ಕಡೆಗೆ ಕೋಶವಾಗಿ ಮಲಗುವ ಕೋಣೆ. ಮುಟ್ಟಿದರೆ ಕೊಳವೆಯ ಹಿಂಬಾಗಿಲಿನಿಂದ ಹಿಮ್ಮುಖವಾಗಿ ಜಾರಿ, ಒಂದು ಎಳೆಯನ್ನು ಹಿಡಿದು ಗಾಳಿಯಲ್ಲಿ ತೂಗಾಡುತ್ತದೆ. ಗಂಡಾಂತರ ಕಳೆಯಿತೆಂದು ಕಂಡ ಮೇಲೆ ಅದೇ ಎಳೆಯನ್ನು ಹತ್ತಿ ಮನೆಗೆ ಮರಳುತ್ತದೆ.

ಆದರೆ ಸುತ್ತಿದ ಎಲೆಯನ್ನು ಕಂಡೊಡನೆ ಇದು ಆ ಕುಟುಂಬದ್ದೇ ಎಂದು ಹೇಳುವಂತಿಲ್ಲ. ನಮ್ಮ ಗದ್ದೆಗಳಲ್ಲಿ ಬತ್ತದ ಗರಿಯನ್ನು ಉದ್ದಕ್ಕೆ ಮಡಚಿ ಒಳಗಿನ ಹಸಿರನ್ನು ಕೆರೆದು ತಿನ್ನುವ ಎಲೆ ಸುರುಳಿ ಹುಳು ಬೇರೊಂದು ಕುಟುಂಬಕ್ಕೆ ಸೇರಿದ್ದು. ಹತ್ತಿಯ ಎಲೆಯನ್ನು ತುತ್ತೂರಿಯಂತೆ ಸುತ್ತುವುದು ಅದರ ದಾಯಾದಿ. ಬಾಳೆಯ ಎಲೆಯನ್ನು ಸುತ್ತಿ ಒಳಗೆ ಬಿಳಿಯ ಹಿಟ್ಟು ಬಳಿದುಕೊಂಡು ಕುಳಿತುಕೊಳ್ಳುವ ಹುಳುವಂತೂ ಪತಂಗವೇ ಅಲ್ಲ, ಚಿಟ್ಟೆಯಾಗಿ ಹಾರುವಂಥದು. ಕಸಬು ಒಂದೇ ಆದ ಮಾತ್ರಕ್ಕೆ ಮನೆತನ ಒಂದಾಗಲಿಲ್ಲ.

ಇನ್ನು ಗುರುತಿಸುವುದು ಹೇಗೆ? ರೆಕ್ಕೆಯ ಬಣ್ಣ ನೋಡೋಣವೆಂದರೆ ಒಂದೇ ತಾಯಿಯ ಮೊಟ್ಟೆಗಳಿಂದ ಬಂದ ಅಣ್ಣತಮ್ಮಂದಿರಲ್ಲಿ ಒಬ್ಬನದು ಹುಲ್ಲಿನ ಬಣ್ಣ, ಒಬ್ಬನದು ಕಾಫಿಪುಡಿಯ ಬಣ್ಣ. ಗಂಡಿಗೆ ಇರುವ ಪಟ್ಟೆ ಹೆಣ್ಣಿಗೆ ಇಲ್ಲ. ಹತ್ತು ದಿನ ಹಾರಾಡಿದ ಮೇಲೆ ರೆಕ್ಕೆಯ ಹುಡಿ ಉದುರಿ ಎಲ್ಲವೂ ಒಂದೇ ಬೂದಿ. ಆದ್ದರಿಂದ ಬಲ್ಲವರು ಇತರ ಗುರುತುಗಳನ್ನು ನೋಡುತ್ತಾರೆ: ಮುಖದ ಮುಂದೆ ಮೂತಿಯಂತೆ ಚಾಚಿದ ಸ್ಪರ್ಶಾಂಗಗಳ ಉದ್ದ, ಗಂಡಿನ ಮುಂರೆಕ್ಕೆಯ ಅಂಚಿನಲ್ಲಿ ಪಂಚೆಯ ಮಡಿಕೆಯಂತಿರುವ ಮಡಿಕೆ, ರೆಕ್ಕೆಯ ನರಗಳ ಕವಲು. ಅದರಿಂದಲೂ ತೀರ್ಮಾನವಾಗದಿದ್ದರೆ ಹೊಟ್ಟೆಯ ಭಾಗವನ್ನು ಬೇರ್ಪಡಿಸಿ, ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿಟ್ಟು, ಮೃದುವಾದುದೆಲ್ಲ ಕರಗಿದ ಮೇಲೆ ಉಳಿಯುವ ಗಟ್ಟಿಯಾದ ಜನನಾಂಗಗಳನ್ನು ಗಾಜಿನ ಫಲಕದ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೆಕ್ಕೆಯು ಸುಳ್ಳು ಹೇಳಬಹುದು. ಈ ಅಂಗಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಜೀವಕೋಶದ ಡಿಎನ್‌ಎ ತುಣುಕೊಂದನ್ನು ಓದಿ ಜಾತಿಯನ್ನು ಹೇಳುವ 'ಬಾರ್‌ಕೋಡ್' ವಿಧಾನವೂ ಬಂದಿದೆ. ಅದರ ಪ್ರಸ್ತಾಪವಾದದ್ದು 2003ರಲ್ಲಿ. ಆದರೆ ಯಾವ ವಿಧಾನವಾದರೂ ಹೋಲಿಸಿ ನೋಡಲು ಹೆಸರು ಹಚ್ಚಿದ ಮಾದರಿಯೊಂದು ಎಲ್ಲಿಯೋ ಒಂದು ಪೆಟ್ಟಿಗೆಯಲ್ಲಿ ಇರಲೇಬೇಕು; ಆ ಪೆಟ್ಟಿಗೆ ಎಲ್ಲಿದೆ ಎಂದು ಬಲ್ಲವನೊಬ್ಬನೂ ಇರಬೇಕು.

ಈಗ ಕತೆಗೆ ಬರೋಣ. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಬರ್ಕ್ಲಿ ಎಂಬ ಊರಿನಲ್ಲಿ ಜೆರಿ ಪವೆಲ್ ಎಂಬ ನಿವೃತ್ತ ಪ್ರಾಧ್ಯಾಪಕರಿದ್ದರು. ಅಲ್ಲಿನ ವಿಶ್ವವಿದ್ಯಾನಿಲಯದ ಎಸಿಗ್ ಕೀಟ ಸಂಗ್ರಹಾಲಯಕ್ಕೆ ನಿರ್ದೇಶಕರಾಗಿದ್ದವರು. ತಮ್ಮ ಪಶ್ಚಿಮ ಕರಾವಳಿಯ ಎಲೆಸುರುಳಿ ಪತಂಗಗಳನ್ನು ಅವರು ಯೌವನದಿಂದಲೇ ಅಭ್ಯಸಿಸಿದ್ದರು. ಅವರ ತಾಳ್ಮೆಗೆ ಒಂದು ದೃಷ್ಟಾಂತ ಸಾಕು: ಯುಕ್ಕಾ ಎಂಬ ಗಿಡದಲ್ಲಿ ಬೆಳೆಯುವ ಪತಂಗವೊಂದರ ಹುಳುಗಳನ್ನು ಅವರು ಇಟ್ಟುಕೊಂಡು ಕಾದರು, ಕೆಲವು 20 ವರ್ಷ, ಕೆಲವು 25 ವರ್ಷ, ಕೆಲವು 30 ವರ್ಷ ನಿದ್ರೆಮಾಡಿ ಆಮೇಲೆ ರೆಕ್ಕೆ ಮೂಡಿಸಿಕೊಂಡು ಹೊರಬಂದವು. ಕೀಟದ ನಿದ್ರೆಯನ್ನು ಎಲ್ಲರೂ ಹೊಗಳಿದರು. ಪ್ರಾಧ್ಯಾಪಕರ ಎಚ್ಚರವನ್ನು ಹೊಗಳಬೇಕೆಂದು ನನಗೆ ತೋರುತ್ತದೆ.

ನಿವೃತ್ತರಾದ ಮೇಲೂ ಪವೆಲ್ ಅವರು ತಮ್ಮ ಮನೆಯ ಹಿತ್ತಿಲಿನಲ್ಲಿ ದೀಪದ ಬೋನೊಂದನ್ನು ಇಡುತ್ತಿದ್ದರು. ಸಂಬಳಕ್ಕಾಗಿ ಅಲ್ಲ, ಯಾರೂ ಹೇಳಿದ್ದಕ್ಕಾಗಿಯೂ ಅಲ್ಲ. ಬಂದ ಪತಂಗಗಳನ್ನು ಎಣಿಸಿ ಬರೆದಿಡುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. 2006ರ ಜುಲೈ ತಿಂಗಳಲ್ಲಿ ಆ ಬೋನಿಗೆ ಎರಡು ಕಂದು ಪತಂಗಗಳು ಬಿದ್ದವು. ಎಲೆಸುರುಳಿಯ ಕುಟುಂಬದವು ಎಂಬುದರಲ್ಲಿ ಸಂದೇಹವಿರಲಿಲ್ಲ. ಆದರೆ ತಾವು ಬಲ್ಲ ಕ್ಯಾಲಿಫೋರ್ನಿಯದ ಜಾತಿಗಳಲ್ಲಿ ಯಾವುದಕ್ಕೂ ಅವು ಹೊಂದಲಿಲ್ಲ.

ಇಲ್ಲಿಯೇ ತಜ್ಞತೆಯ ಸ್ವಾರಸ್ಯವಿರುವುದು. ನಮ್ಮಂಥವರಿಗೆ ಎಲ್ಲ ಕಂದು ಪತಂಗಗಳೂ ಅಪರಿಚಿತವಾದ್ದರಿಂದ ಯಾವುದೂ ಅಪರಿಚಿತವೆನಿಸುವುದಿಲ್ಲ. ಊರಿನ ಪ್ರತಿಯೊಂದು ಮುಖವನ್ನೂ ಬಲ್ಲ ಅಂಚೆಯವನಿಗೆ ಮಾತ್ರ ಬೀದಿಯಲ್ಲಿ ನಡೆಯುವ ಪರಊರಿನವನು ಕಾಣಿಸುತ್ತಾನೆ. ಪವೆಲ್ ಅವರಿಗೆ ಪರಊರಿನವನು ಕಂಡದ್ದು ನಿಜ; ಆತನ ಊರು ಯಾವುದೆಂದು ತಿಳಿಯಬೇಕಾದರೆ ಇತರ ಊರುಗಳ ಅಂಚೆಯವರನ್ನು ಕೇಳಬೇಕಾಗಿತ್ತು. ವಿಷಯವು ಈ ಕುಟುಂಬವನ್ನು ಬಲ್ಲ ಇತರ ವಿದ್ವಾಂಸರಿಗೆ ಹೋಯಿತು, ಸರಕಾರದ ಕೀಟಶಾಸ್ತ್ರಜ್ಞರಿಗೆ ಹೋಯಿತು. ಪೆಟ್ಟಿಗೆಗಳು ತೆರೆದವು, ಮಾದರಿಗಳನ್ನು ಹೋಲಿಸಿದರು. 2007ರ ಮಾರ್ಚಿನಲ್ಲಿ ಹೆಸರು ಖಚಿತವಾಗಿ ಹೊರಬಿತ್ತು: ಎಪಿಫಿಯಾಸ್ ಪೋಸ್ಟ್‌ವಿಟ್ಟಾನ, ತೋಟಗಾರರ ಭಾಷೆಯಲ್ಲಿ 'ಲೈಟ್ ಬ್ರೌನ್ ಆಪಲ್ ಮಾತ್', ಎಂದರೆ ತಿಳಿಗಂದು ಸೇಬಿನ ಪತಂಗ. ಅದರ ತವರು ಆಸ್ಟ್ರೇಲಿಯ. ಅಮೆರಿಕದ ಭೂಖಂಡದಲ್ಲಿ ಅದು ಅದುವರೆಗೆ ದೃಢಪಟ್ಟಿರಲಿಲ್ಲ.

ಆ ಹೆಸರಿನ ಹಿಂದೆಯೂ ಒಂದು ಕತೆಯಿದೆ. ಎಲೆಸುರುಳಿ ಪತಂಗಗಳ ಹೆಸರನ್ನು 'ಆನ' ಎಂದು ಕೊನೆಗೊಳಿಸುವ ಪದ್ಧತಿಯು ಲಿನೇಯಸ್ ಮಹಾಶಯನಿಂದ ಬಂದದ್ದು. ಹೆಸರಿನ ಬಾಲವನ್ನು ನೋಡಿಯೇ ಮನೆತನ ತಿಳಿಯಲೆಂದು. ಪೋಸ್ಟ್‌ವಿಟ್ಟಾನ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ವಾಕರ್, 1863ರಲ್ಲಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರಾಶಿಬಿದ್ದಿದ್ದ ಕೀಟಗಳಿಗೆ ಪಟ್ಟಿ ಬರೆಯುವ ಕೆಲಸ ಆತನದು. ಬಹಳ ವೇಗವಾಗಿ ಬರೆದ. ಎಷ್ಟು ವೇಗವೆಂದರೆ, ಅದೇ 1863ರಲ್ಲಿ ಇದೇ ಪತಂಗಕ್ಕೆ ಸ್ಕಿಟುಲಾನ, ಬೇಸಿಆಲ್ಬಾನ, ಸೆಕ್ರೆಟಾನ ಎಂದು ಮತ್ತೆ ಮತ್ತೆ ಹೊಸ ಹೆಸರುಗಳನ್ನು ಇಟ್ಟ. ತೊಟ್ಟಿಲು ಒಂದೇ, ನಾಮಕರಣ ಹಲವು. ವಾಕರನನ್ನು ನಗುವುದು ಸುಲಭ. ಆದರೆ ಈ ಪತಂಗವು ಎಷ್ಟು ವೇಷ ಹಾಕಬಲ್ಲದೆಂಬುದಕ್ಕೆ ಆತನಿಗಿಂತ ಒಳ್ಳೆಯ ಸಾಕ್ಷಿ ಬೇಡ. ದಿನವೂ ಪತಂಗಗಳನ್ನೇ ನೋಡುತ್ತಿದ್ದವನಿಗೆ ಅದು ಅಷ್ಟೊಂದು ಜಾತಿಗಳಾಗಿ ಕಂಡಿತು.

ಕ್ಯಾಲಿಫೋರ್ನಿಯಕ್ಕಿಂತ 70 ವರ್ಷ ಮೊದಲು ಇದೇ ಪತಂಗವು ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡಿತ್ತು. 1936ರಲ್ಲಿ ನೈರುತ್ಯ ತುದಿಯ ಕಾರ್ನ್‌ವಾಲ್ ಸೀಮೆಯ ನ್ಯೂಕ್ವೇ ಎಂಬಲ್ಲಿ ಅದು ದೊರೆಯಿತು. ಮರುವರ್ಷ ಅದನ್ನು ಬ್ರಿಟನ್ನಿಗೆ ಹೊಸದೆಂದು ಪ್ರಕಟಿಸಿದವರು ಎಡ್ವರ್ಡ್ ಮೇರಿಕ್. ಅವರೇ ಆಗಿದ್ದುದು ಆಕಸ್ಮಿಕವಲ್ಲ. ಮೇರಿಕ್ ಅವರು ವೃತ್ತಿಯಿಂದ ಶಾಲೆಯ ಉಪಾಧ್ಯಾಯರು. ಮಾರ್ಲ್‌ಬರೊ ಎಂಬ ಊರಿನ ವಿದ್ಯಾಶಾಲೆಯಲ್ಲಿ ಹುಡುಗರಿಗೆ ಗ್ರೀಕ್, ಲ್ಯಾಟಿನ್ ಹೇಳಿಕೊಡುತ್ತಿದ್ದವರು. ಆದರೆ ಅದಕ್ಕೆ ಮೊದಲು, 1877ರಿಂದ ಸುಮಾರು ಹತ್ತು ವರ್ಷ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳ ಶಾಲೆಗಳಲ್ಲಿ ಕೆಲಸ ಮಾಡಿದ್ದರು. ಬಿಡುವಿನಲ್ಲೆಲ್ಲ ಅಲ್ಲಿನ ಚಿಕ್ಕ ಪತಂಗಗಳನ್ನು ಹಿಡಿದಿದ್ದರು. ಯೌವನದಲ್ಲಿ ಸಿಡ್ನಿಯ ಪೊದೆಗಳಲ್ಲಿ ಪರಿಚಯವಾದ ಪತಂಗವು ಎಂಬತ್ತು ದಾಟಿದ ವೃದ್ಧರ ಮುಂದೆ ಇಂಗ್ಲೆಂಡಿನ ಹೆಸರುಚೀಟಿಯನ್ನು ಧರಿಸಿ ಬಂದಾಗ ಅವರು ಗುರುತು ಹಿಡಿದರು. 1938ರಲ್ಲಿ ಅವರು ತೀರಿಕೊಂಡರು.

ಮೇರಿಕ್ ಅವರ ಹೆಸರನ್ನು ಇಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳುವುದಕ್ಕೆ ಕನ್ನಡ ವಾಚಕರಿಗೆ ಕಾರಣವಿದೆ. ಆ ಶಾಲಾ ಉಪಾಧ್ಯಾಯರ ಮನೆಗೆ ಲೋಕದ ನಾನಾ ಮೂಲೆಗಳಿಂದ ಸೂಜಿಗೆ ಚುಚ್ಚಿದ ಚಿಕ್ಕ ಪತಂಗಗಳು ಅಂಚೆಯಲ್ಲಿ ಬರುತ್ತಿದ್ದವು. ಕಳುಹಿಸುತ್ತಿದ್ದವರಲ್ಲಿ ವಿಜ್ಞಾನಿಗಳು ಕೆಲವರು, ಉಳಿದವರು ಹವ್ಯಾಸಿಗಳು. 1912ರಿಂದ 1937ರವರೆಗೆ ಅವರು ಸ್ವಂತವಾಗಿ ಹೊರಡಿಸಿದ 'ಎಕ್ಸಾಟಿಕ್ ಮೈಕ್ರೊಲೆಪಿಡಾಪ್ಟೆರ' ಎಂಬ ಪ್ರಕಟಣೆಯ ಪುಟಗಳಲ್ಲಿ ಹೊಸ ಜಾತಿಗಳ ವರ್ಣನೆಯ ಕೊನೆಯಲ್ಲಿ ಸ್ಥಳದ ಹೆಸರೂ ಕಳುಹಿಸಿದವರ ಹೆಸರೂ ಬರುತ್ತವೆ. ಅಲ್ಲಿ 'ಉತ್ತರ ಕೊಡಗು, ನ್ಯೂಕಮ್' ಎಂದೂ 'ಉತ್ತರ ಕನ್ನಡ, ಮ್ಯಾಕ್ಸ್‌ವೆಲ್' ಎಂದೂ ಮೇಲಿಂದ ಮೇಲೆ ಕಾಣಬಹುದು. ಕೊಡಗಿನ 3500 ಅಡಿ ಎತ್ತರದ ಬೆಟ್ಟದ ಬದಿಯಲ್ಲಿ, ಕಾರವಾರದ ಕಡಲಂಚಿನ ಕಾಡಿನಲ್ಲಿ ದೀಪಕ್ಕೆ ಬಂದ ಎಷ್ಟೋ ಪತಂಗಗಳಿಗೆ ನಾಮಕರಣವಾದದ್ದು ಹೀಗೆ, ಆ ಕಾಡುಗಳನ್ನು ಕಂಡಿರದ ಒಬ್ಬ ಮೇಷ್ಟರ ಮೇಜಿನ ಮೇಲೆ. ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಬೇನ್‌ಬ್ರಿಜ್ ಫ್ಲೆಚರ್ ಅವರೂ ಮಾದರಿಗಳನ್ನು ಕಳುಹಿಸಿದವರೇ; ಅವರು 1914ರಲ್ಲಿ ಬರೆದ ದಕ್ಷಿಣ ಭಾರತದ ಕೀಟಗಳ ಪುಸ್ತಕವನ್ನು ಹಳೆಯ ಕೃಷಿ ಕಾಲೇಜುಗಳ ವಾಚನಾಲಯಗಳಲ್ಲಿ ಇಂದಿಗೂ ಕಾಣಬಹುದು.

ಮೇರಿಕ್ ಅವರಿಗೆ ಒಂದು ಹಟವಿತ್ತು. ಜನನಾಂಗಗಳನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿಯನ್ನು ಅವರು ಒಪ್ಪಲಿಲ್ಲ, ಕೈಮಸೂರವೇ ಸಾಕೆಂದರು. ರೆಕ್ಕೆಯ ನರಗಳನ್ನೂ ಬಣ್ಣವನ್ನೂ ನೋಡಿ ಹತ್ತು ಸಾವಿರಕ್ಕೂ ಮೀರಿ ಜಾತಿಗಳನ್ನು ವರ್ಣಿಸಿದರು. ಅವರ ಕಣ್ಣು ಅಸಾಧಾರಣವಾದದ್ದೇ. ಆದರೆ ಅವರ ನಂತರ ಬಂದವರ ಪಾಡು ಹೇಳತೀರದು. ವಾಷಿಂಗ್ಟನ್ನಿನ ಗೇಟ್ಸ್ ಕ್ಲಾರ್ಕ್ ಎಂಬವರು ಲಂಡನ್ನಿಗೆ ಹೋಗಿ, ಮೇರಿಕ್ ಅವರ ಮೂಲ ಮಾದರಿಗಳನ್ನು ಒಂದೊಂದಾಗಿ ಆರಿಸಿ, ಬಿಡಿಸಿ, ಚಿತ್ರ ತೆಗೆದು ಪ್ರಕಟಿಸುವುದಕ್ಕೆ 1955ರಿಂದ 1970ರವರೆಗೆ ಎಂಟು ಸಂಪುಟಗಳು ಹಿಡಿದವು. ನನ್ನ ಮಟ್ಟಿಗೆ ಈ ಇಬ್ಬರಲ್ಲಿ ಕ್ಲಾರ್ಕ್ ಅವರ ಕೆಲಸವೇ ಹೆಚ್ಚು ಉಪಕಾರದ್ದು. ಹೆಸರಿಡುವವನಿಗೆ ಕೀರ್ತಿ ಬರುತ್ತದೆ; ಇಟ್ಟ ಹೆಸರು ಯಾವುದಕ್ಕೆ ಎಂದು ತೋರಿಸುವವನಿಗೆ ಕೃತಜ್ಞತೆಯಾದರೂ ಬರಬೇಕು.

ಇಷ್ಟೆಲ್ಲ ಶ್ರಮವೇಕೆ, ಕಂದು ಪತಂಗವನ್ನು ಕಂದು ಪತಂಗವೆಂದರೆ ಆಗದೆ ಎಂದು ಕೇಳುವವರಿಗೆ ಸಿಂಹಳದ ಚಹಾ ತೋಟಗಳ ಉದಾಹರಣೆಯೊಂದಿದೆ. ಅಲ್ಲಿ 1861ರಲ್ಲಿ ನೀಟ್ನರ್ ಎಂಬವನು ಕಾಫಿ ಗಿಡದ ಮೇಲಿದ್ದ ಎಲೆಸುರುಳಿ ಪತಂಗಕ್ಕೆ ಕಾಫಿಯ ಹೆಸರನ್ನೇ ಇಟ್ಟ: ಕಾಫಿಯೇರಿಯ. ಮುಂದೆ ತುಕ್ಕುರೋಗ ಬಂದು ಕಾಫಿ ಹೋಯಿತು, ಚಹಾ ಬಂತು. ಪತಂಗವು ಚಹಾಕ್ಕೆ ಇಳಿಯಿತು. ಅದೇ ಜಾತಿ ಜಾವಾ ದ್ವೀಪದಲ್ಲಿಯೂ ಇದೆ, ಅಲ್ಲಿ ಅದರ ಹುಳುವಿನೊಳಗೆ ಮೊಟ್ಟೆಯಿಟ್ಟು ಕೊಲ್ಲುವ ಚಿಕ್ಕ ಕಣಜವೊಂದಿದೆ ಎಂದು ತಿಳಿದದ್ದರಿಂದ 1935–36ರಲ್ಲಿ ಆ ಕಣಜವನ್ನು ಸಿಂಹಳಕ್ಕೆ ತಂದು ಬಿಟ್ಟರು. ತೋಟಗಳ ಉಪದ್ರವ ಅಡಗಿತು. ಬೇರೊಂದು ಕೀಟಕ್ಕೆಂದು ಮುಂದೆ ಹೊಡೆದ ವಿಷದಿಂದ ಕಣಜ ಸತ್ತಾಗ ಮಾತ್ರ ಪತಂಗವು ಮತ್ತೆ ತಲೆಯೆತ್ತಿತು. ಪತಂಗದ ಹೆಸರು ತಪ್ಪಿದ್ದರೆ ತಪ್ಪು ಕಣಜವನ್ನು ಹಡಗಿಗೆ ಹತ್ತಿಸಿಯಾಗುತ್ತಿತ್ತು.

ಕ್ಯಾಲಿಫೋರ್ನಿಯದಲ್ಲಿ ಹೆಸರು ಸರಿಯಾಗಿಯೇ ಸಿಕ್ಕಿತು. ತಾಪತ್ರಯ ಆರಂಭವಾದದ್ದು ಅದರಿಂದಲೇ. ಈ ಪತಂಗದ ಹುಳುಗಳು ತಿನ್ನುವ ಗಿಡಗಳ ಪಟ್ಟಿ 500 ಜಾತಿಗಳನ್ನು ಮೀರುತ್ತದೆ: ಸೇಬು, ದ್ರಾಕ್ಷಿ, ಕಿತ್ತಳೆ, ಗುಲಾಬಿ, ಓಕ್, ನೀಲಗಿರಿ. ಅಮೆರಿಕ ಸರಕಾರದ ಪಟ್ಟಿಯಲ್ಲಿ ಅದು ಒಳಗೆ ಬರಬಾರದ ಕೀಟ. ಹೆಸರು ಖಚಿತವಾದೊಡನೆ ಊರೂರಿನಲ್ಲಿ ಬೋನುಗಳನ್ನು ತೂಗುಹಾಕಿದರು. ಪತಂಗಗಳು ಸಾವಿರಗಟ್ಟಲೆ ಬಿದ್ದವು, ಸಾನ್‌ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ ಸಾಂತಾಕ್ರೂಸ್, ಮಾಂಟೆರೆ ಸೀಮೆಗಳವರೆಗೆ. ದಿಗ್ಬಂಧನವಾಯಿತು. ಸಸಿಗಳನ್ನು ಮಾರುವ ತೋಟದವರ ಕಷ್ಟ ಹೇಳತೀರದು. ಗಿಡದಲ್ಲಿ ಎಲೆ ಸುತ್ತಿದ ಹಸಿರು ಹುಳು ಒಂದು ಕಂಡರೆ ಸರಕು ನಿಲ್ಲಬೇಕು. ಹುಳುವಾದರೋ, ಆ ಸೀಮೆಯ ನಿರಪಾಯಕಾರಿ ಸೋದರಸಂಬಂಧಿಗಳ ಹುಳುವಿನ ಪಡಿಯಚ್ಚು! ಪತಂಗವನ್ನಾದರೂ ಬಿಡಿಸಿ ನೋಡಬಹುದು. ಹುಳುವನ್ನು ಕಣ್ಣಳತೆಯಲ್ಲಿ ಬೇರ್ಪಡಿಸಿ ಹೇಳುವುದು ಬಲ್ಲವರಿಗೂ ಕಷ್ಟ. ಪ್ರಯೋಗಶಾಲೆಗೆ ಕಳುಹಿಸಿ ಡಿಎನ್‌ಎ ಓದಿಸಿ ಉತ್ತರ ಬರುವವರೆಗೆ ಗಿಡಗಳು ಕುಂಡದಲ್ಲಿಯೇ ನಿಲ್ಲಬೇಕು. ಗುರುತಿಸುವಿಕೆಯೆಂಬುದು ಹವ್ಯಾಸಿಗಳ ಸಂಜೆಯ ವಿನೋದವಾಗಿ ಉಳಿಯದೆ, ಸಾಲ ಮಾಡಿ ತೋಟ ನಡೆಸುವವನ ಅನ್ನದ ಪ್ರಶ್ನೆಯಾಯಿತು.

ಅಲ್ಲಿಗೂ ಮುಗಿಯಲಿಲ್ಲ. ಪತಂಗದ ಹೆಣ್ಣು ಒಂದು ಬಗೆಯ ಗಂಧವನ್ನು ಗಾಳಿಗೆ ಬಿಡುತ್ತದೆ. ಗಂಡು ಆ ಗಂಧದ ಎಳೆಯನ್ನು ಹಿಡಿದು ಅದರ ಬಳಿಗೆ ಬರುತ್ತದೆ. ಆ ಗಂಧವನ್ನು ಕೃತಕವಾಗಿ ತಯಾರಿಸಿ ಊರೆಲ್ಲ ಚೆಲ್ಲಿದರೆ ಗಂಡಿಗೆ ದಾರಿ ತಪ್ಪುತ್ತದೆಂಬುದು ಅಧಿಕಾರಿಗಳ ಉಪಾಯ. ಬೀದಿಯ ತುಂಬ ಮಲ್ಲಿಗೆಯ ಕಂಪು ಹರಡಿದರೆ ಮಲ್ಲಿಗೆ ಮುಡಿದವಳ ಮನೆ ಯಾವುದೆಂದು ತಿಳಿಯುವುದು ಹೇಗೆ? ಉಪಾಯವೇನೋ ಚತುರವಾದದ್ದು, ವಿಷವನ್ನು ಹೊಡೆಯುವುದಕ್ಕಿಂತ ಸೌಮ್ಯವಾದದ್ದು. ಆದರೆ ಅದನ್ನು ಚೆಲ್ಲಿದ ಬಗೆ? 2007ರ ಸೆಪ್ಟೆಂಬರಿನಲ್ಲಿ ಮಾಂಟೆರೆಯ ಮೇಲೆ, ನವೆಂಬರಿನಲ್ಲಿ ಸಾಂತಾಕ್ರೂಸ್ ಮೇಲೆ, ರಾತ್ರಿಯ ಹೊತ್ತು, ವಿಮಾನಗಳಿಂದ, ಜನ ಮಲಗಿರುವ ಊರುಗಳ ಮೇಲೆ, ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಗುಳಿಗೆಗಳಲ್ಲಿ ತುಂಬಿದ ಗಂಧದ ಮಳೆ. ನೂರಾರು ಮಂದಿ ಕೆಮ್ಮು, ಕಣ್ಣುರಿ, ಉಸಿರುಕಟ್ಟು ಎಂದು ದೂರಿದರು. ದೂರಿಗೂ ಸಿಂಪಡಣೆಗೂ ಸಂಬಂಧವಿದೆಯೆಂದು ಸ್ಥಾಪಿತವಾಗಲಿಲ್ಲ. ಇಲ್ಲವೆಂದು ಜನರಿಗೆ ಮನವರಿಕೆಯೂ ಆಗಲಿಲ್ಲ. ತಾಯಂದಿರು ಬೀದಿಗೆ ಬಂದರು, ನಗರಸಭೆಗಳು ವಿರೋಧಿಸಿದವು, ದಾವೆಗಳು ಹೂಡಲ್ಪಟ್ಟವು. 2008ರ ವಸಂತದಲ್ಲಿ ನ್ಯಾಯಾಲಯಗಳು ಪರಿಸರದ ಪರಿಶೀಲನೆಯಾಗುವವರೆಗೆ ಸಿಂಪಡಣೆಯನ್ನು ತಡೆದವು. ಅದೇ ಜೂನಿನಲ್ಲಿ ಸರಕಾರವು ಊರುಗಳ ಮೇಲೆ ವಿಮಾನ ಹಾರಿಸುವುದನ್ನು ಕೈಬಿಟ್ಟಿತು.

ವಾದ ಮಾತ್ರ ಬೆಳೆಯಿತು. ಸಾಂತಾಕ್ರೂಸಿನಿಂದ ಇಬ್ಬರು ಸಸ್ಯತಜ್ಞರು ನ್ಯೂಜಿಲೆಂಡಿಗೆ ಹೋಗಿ ಬಂದು, ಅಲ್ಲಿ ನೂರು ವರ್ಷಕ್ಕೂ ಹಿಂದೆ ನೆಲಸಿದ ಈ ಪತಂಗವನ್ನು ಕಣಜಗಳೂ ಇತರ ಶತ್ರುಗಳೂ ಹತೋಟಿಯಲ್ಲಿಟ್ಟಿವೆ, ದೊಡ್ಡ ಹಾನಿಯೇನೂ ಕಾಣುತ್ತಿಲ್ಲ ಎಂದರು. ಡೇವಿಸ್ ವಿಶ್ವವಿದ್ಯಾನಿಲಯದ ಜೇಮ್ಸ್ ಕೇರಿ ಎಂಬ ಕೀಟಶಾಸ್ತ್ರಜ್ಞರು, ಇಷ್ಟು ದೂರ ಹಬ್ಬಿರುವ ಪತಂಗವು ಈಚೆಗೆ ಬಂದದ್ದಾಗಿರಲಾರದು, ಬಹುಕಾಲದಿಂದ ಇದ್ದಿರಬೇಕು, ಅದನ್ನು ನಿರ್ಮೂಲ ಮಾಡುವ ಆಸೆ ವ್ಯರ್ಥ ಎಂದು ವಾದಿಸಿದರು. ಬಹುಕಾಲದಿಂದ ಇದ್ದು ಯಾರ ಕಣ್ಣಿಗೂ ಬೀಳದೆ, ಯಾರ ಬೆಳೆಯನ್ನೂ ಕೆಡಿಸದೆ ಇತ್ತೆಂದರೆ ಅದಕ್ಕೆ ಇಷ್ಟು ಹೆದರುವುದೇಕೆ ಎಂಬುದು ಜನರ ಪ್ರಶ್ನೆ.

ಇಲ್ಲಿ ಮತ್ತೆ ಹಿತ್ತಿಲಿನ ಬೋನಿನ ನೆನಪಾಗಬೇಕು. ಪವೆಲ್ ಮತ್ತು ಅವರ ನಾಲ್ವರು ಸಹಲೇಖಕರು 2010ರಲ್ಲಿ ಬರೆದ ಲೇಖನದಲ್ಲಿ ಒಂದು ಮಾತನ್ನು ಒತ್ತಿ ಹೇಳಿದ್ದಾರೆ: ಪತಂಗವು ಎಂದಿನಿಂದ ಇದೆಯೆಂದು ಊಹೆಯಿಂದ ಹೇಳಬೇಕಾಗಿಲ್ಲ, ಸ್ಥಳೀಯವಾಗಿ ವರ್ಷಗಟ್ಟಲೆ ನಡೆಸಿದ ಎಣಿಕೆಗಳಿವೆ. ಅದೇ ಊರಿನಲ್ಲಿ ವರ್ಷ ವರ್ಷವೂ ದೀಪಕ್ಕೆ ಬಂದ ಚಿಕ್ಕ ಪತಂಗಗಳನ್ನೆಲ್ಲ ಬರೆದಿಟ್ಟ ಪಟ್ಟಿಯಲ್ಲಿ 2006ಕ್ಕೆ ಮೊದಲು ಇದು ಇಲ್ಲ. ನೋಡದಿದ್ದವನ 'ಇಲ್ಲ' ಎಂಬ ಮಾತಿಗೆ ಬೆಲೆಯಿಲ್ಲ. ಪ್ರತಿರಾತ್ರಿ ನೋಡಿದವನ 'ಇಲ್ಲ' ಎಂಬುದು ಸಾಕ್ಷ್ಯ. ಈ ಸಾಕ್ಷ್ಯವನ್ನು ಒಪ್ಪಿದರೆ ಪತಂಗ ಬಂದದ್ದು ಈಚೆಗೇ ಎಂದಾಗುತ್ತದೆ. ಹಾಗೆಂದು ವಿಮಾನಗಳನ್ನು ಹಾರಿಸಿದ್ದು ಸರಿ ಎಂದು ಆಗುವುದಿಲ್ಲ. ಅದು ಬೇರೆಯ ಪ್ರಶ್ನೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದಲೇ ಅಲ್ಲಿನ ಚರ್ಚೆ ಅಷ್ಟು ಕಹಿಯಾಯಿತೆಂದು ದೂರದಿಂದ ಓದುವವರಿಗೆ ಅನ್ನಿಸುತ್ತದೆ. ಪತಂಗ ಹೊಸದೆಂದವರನ್ನು ಸಿಂಪಡಣೆಯ ಪಕ್ಷದವರೆಂದೂ, ಸಿಂಪಡಣೆ ಬೇಡವೆಂದವರನ್ನು ವಿಜ್ಞಾನದ ವಿರೋಧಿಗಳೆಂದೂ ಕರೆದವರುಂಟು. ಹಿತ್ತಿಲಿನಲ್ಲಿ ಕುಪ್ಪಿ ಹಿಡಿದು ನಿಂತ ವೃದ್ಧ ಪ್ರಾಧ್ಯಾಪಕರು ಮಾಡಿದ್ದು ಎರಡು ಪತಂಗಗಳ ಹೆಸರು ಕೇಳಿದ್ದು.

ನಿರ್ಮೂಲನದ ಗುರಿ ಕ್ರಮೇಣ ಹತೋಟಿಯ ಗುರಿಯಾಗಿ ಇಳಿಯಿತು. 2021ರಲ್ಲಿ ಅಮೆರಿಕದ ಕೇಂದ್ರ ಸರಕಾರವು ದಿಗ್ಬಂಧನದ ನಿಯಮಗಳನ್ನೇ ತೆಗೆದುಹಾಕಿತು. ಹೆದರಿದಂಥ ಬೆಳೆನಾಶ ಆಗಲಿಲ್ಲ, ಪತಂಗವೂ ಹೋಗಲಿಲ್ಲ.

ಇಂಗ್ಲೆಂಡಿನಲ್ಲಿಯೂ ಅದು ಹಬ್ಬಿದೆ. ಕಾರ್ನ್‌ವಾಲಿನ ತುದಿಯಲ್ಲಿ ದಶಕಗಳ ಕಾಲ ಸುಮ್ಮನಿದ್ದು, ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಪೂರ್ವಕ್ಕೂ ಉತ್ತರಕ್ಕೂ ಸಾಗಿ, ಈಗ ಅಲ್ಲಿನ ಊರಮನೆಗಳ ತೋಟದಲ್ಲಿ ಅತ್ಯಂತ ಸಾಮಾನ್ಯವಾದ ಚಿಕ್ಕ ಪತಂಗಗಳಲ್ಲಿ ಒಂದಾಗಿದೆ. ಯಾವ ವರ್ಷ ಯಾವ ಜಿಲ್ಲೆ ಹೊಕ್ಕಿತೆಂಬುದನ್ನು ಅಲ್ಲಿ ಬಹಳ ಮಟ್ಟಿಗೆ ಹೇಳಬಹುದು. ಅಲ್ಲಿ ಪ್ರತಿ ಜಿಲ್ಲೆಗೂ ಪತಂಗಗಳ ದಾಖಲೆ ಇಡುವ ಒಬ್ಬ ಸ್ವಯಂಸೇವಕನಿದ್ದಾನೆ. ಉಪಾಧ್ಯಾಯರು, ಅಂಗಡಿಯವರು, ನಿವೃತ್ತರು ತಮ್ಮ ಹಿತ್ತಿಲಿನ ಬೋನಿನ ಲೆಕ್ಕವನ್ನು ಅವನಿಗೆ ಒಪ್ಪಿಸುತ್ತಾರೆ, ಸಂದೇಹ ಬಂದ ಮಾದರಿಯನ್ನು ಪರಸ್ಪರ ಕಳುಹಿಸಿಕೊಳ್ಳುತ್ತಾರೆ. ನಮ್ಮಲ್ಲಿಯೂ ಈಚೆಗೆ, 2012ರಲ್ಲಿ ಆರಂಭವಾದ ಜುಲೈ ತಿಂಗಳ ಪತಂಗ ಸಪ್ತಾಹದ ನಿಮಿತ್ತ, ಬಿಳಿಯ ಬಟ್ಟೆ ಇಳಿಬಿಟ್ಟು ದೀಪ ಹಚ್ಚುವ ತರುಣರು ಕಾಣಿಸಿಕೊಳ್ಳುತ್ತಿದ್ದಾರೆ. ಅವರ ಬಟ್ಟೆಯ ಮೇಲೆ ಬಂದು ಕೂರುವ ಕಂದು ಗಂಟೆಗಳಲ್ಲಿ ಎಷ್ಟೋ, ನ್ಯೂಕಮ್ ಕೊಡಗಿನಿಂದ ಕಳುಹಿಸಿದವುಗಳ ಮರಿಮಕ್ಕಳು. ಮೂಲ ಮಾದರಿಗಳು ಲಂಡನ್ನಿನ ಮ್ಯೂಸಿಯಮ್ಮಿನಲ್ಲಿವೆ, ಚಿತ್ರಗಳು ಕ್ಲಾರ್ಕ್ ಅವರ ಸಂಪುಟಗಳಲ್ಲಿವೆ. ಕೆಲವಕ್ಕೆ ಗಂಡು ಮಾತ್ರ ಗೊತ್ತು, ಕೆಲವಕ್ಕೆ ಹೆಣ್ಣು ಮಾತ್ರ. ಹುಳುವು ಯಾವ ಮರದ ಎಲೆಯನ್ನು ಸುತ್ತುತ್ತದೆಂಬುದು ಹಲವಕ್ಕೆ ಇನ್ನೂ ಬರೆದಿಲ್ಲ.